ಬಾಣದ ಗುರುತಿನ ವಾಚು

ಬೆಳಿಗ್ಗೆ ಆರೂ ಹತ್ತಕ್ಕೆ ಶಿವರಾಜ್ ಕಳಿಸಿದ ಫೋಟೋ ನೋಡಿದಾಗಿನಿಂದ ನಿರಂಜನನ ಬೆರಳುಗಳು ಸುಮ್ಮನಿರಲಿಲ್ಲ. ಫೋನಿನ ಪರದೆಯ ಮೇಲೆ ಅವು ತಾವಾಗಿಯೇ ಹೋಗಿ ಚಿತ್ರವನ್ನು ಹಿಗ್ಗಿಸುತ್ತಿದ್ದವು, ಕುಗ್ಗಿಸುತ್ತಿದ್ದವು, ಮತ್ತೆ ಹಿಗ್ಗಿಸುತ್ತಿದ್ದವು. ಚಿತ್ರದಲ್ಲಿದ್ದದ್ದು ಒಂದು ಕೈಗಡಿಯಾರದ ಬೆನ್ನು, ಅಷ್ಟೇ. ಸವೆದ ಲೋಹದ ಮೇಲೆ ಮೇಲ್ಮುಖವಾದ ಒಂದು ಬಾಣ, ಅದರ ಕೆಳಗೆ ಇಂಗ್ಲಿಷಿನ ಐ ಅಕ್ಷರ, ಅದರ ಕೆಳಗೆ ಐದು ಅಂಕಿ. ಬಾಣವೆಂದರೆ ಸರ್ಕಾರದ ಸ್ವತ್ತು, ಐ ಎಂದರೆ ಇಂಡಿಯಾ. ಬ್ರಿಟಿಷರ ಕಾಲದ ಭಾರತೀಯ ಸೇನೆ ಎರಡನೇ ಮಹಾಯುದ್ಧದಲ್ಲಿ ತನ್ನವರ ಕೈಗೆ ಕಟ್ಟಿದ ವಾಚು. ಈ ಗುರುತನ್ನು ನಿರಂಜನ ಇಷ್ಟು ವರ್ಷ ಬೇರೆ ದೇಶದವರ ವೆಬ್‌ಸೈಟುಗಳಲ್ಲಿ ಮಾತ್ರ ನೋಡಿ ಹೊಟ್ಟೆ ಉರಿಸಿಕೊಂಡಿದ್ದ. ಈಗ ಅದು ಹದಿನೆಂಟು ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ, ಯಾರದೋ ಮನೆಯ ಮೇಜಿನ ಮೇಲೆ, ಟಿಕ್ ಟಿಕ್ ಎನ್ನುತ್ತ ಕೂತಿತ್ತು. ಶಿವರಾಜ್ ಭದ್ರಾವತಿಯ ರಂಗಪ್ಪ ಸರ್ಕಲ್ಲಿನ ಹತ್ತಿರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ವಾಚ್ ರಿಪೇರಿ ಮಾಡುವವನು. ಅವನ ಧ್ವನಿ ಸಂದೇಶವನ್ನು ನಿರಂಜನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಮೂರು ಸಲ ಕೇಳಿದ. "ರಿಟೈರ್ಡ್ ಟೀಚರ್ದು ಸಾರ್, ಜಗದಾಂಬಾ ಅಂತ. ಅವರಪ್ಪ ಮಿಲಿಟ್ರಿಲಿದ್ರಂತೆ. ಎಣ್ಣೆ ಹಾಕಿ ವಾಪಸ್ ಕೊಟ್ಟೆ. ಕಣ್ಣು ಮಂಜು ಅಂತಿದ್ರು, ನಿಮ್ಮ ಹೆಸ್ರು ಹೇಳಿದೀನಿ. ಮುಂದಿಂದು ನಿಮ್ಗೆ ಬಿಟ್ಟಿದ್ದು."

ದುರ್ಗಿಗುಡಿಯಲ್ಲಿ ಕನ್ನಡಕದ ಅಂಗಡಿ, ಹೊಸಮನೆಯಲ್ಲಿ ವಾಸದ ಮನೆ, ಮನೆಯ ಬೀರುವಿನಲ್ಲಿ ಹತ್ತಿಯಲ್ಲಿ ಸುತ್ತಿದ ಮೂವತ್ತೊಂದು ಮಿಲಿಟರಿ ವಾಚುಗಳು: ಐವತ್ತನೇ ವರ್ಷಕ್ಕೆ ನಿರಂಜನನ ಆಸ್ತಿ ಇಷ್ಟು. ಮೂವತ್ತೊಂದೂ ಎಲ್ಲೆಲ್ಲೋ ಯುದ್ಧ ಕಂಡವು. ಗುಜರಿಯಿಂದ, ಹರಾಜಿನಿಂದ, ಮುಂಬೈಯ ಚೋರ್ ಬಜಾರಿನ ತಟ್ಟೆಗಳಿಂದ ಬಂದವು. ಆದರೆ ಅವುಗಳಲ್ಲಿ ಒಂದನ್ನೂ ಕಟ್ಟಿಕೊಂಡಿದ್ದ ಮನುಷ್ಯನ ಹೆಸರು ಅವನಿಗೆ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನಗಳಲ್ಲಿ ಅವನ್ನು ಸಾಲಾಗಿ ಇಟ್ಟು ಕೀ ಕೊಡುವಾಗ, ಮೂವತ್ತೊಂದು ಕೈಗಳು ಮಣಿಕಟ್ಟಿನಿಂದ ಆಚೆಗೆ ಏನೂ ಇಲ್ಲದೆ ಮೇಜಿನ ಮೇಲೆ ಬಂದು ಕೂತಂತೆ ಅನಿಸಿ ಅವನಿಗೆ ಒಂದು ಬಗೆಯ ನಾಚಿಕೆಯಾಗುತ್ತಿತ್ತು. ಯಾರದೋ ಕೈಯಿಂದ ಬಿಚ್ಚಿ ತಂದವನ ನಾಚಿಕೆ. ಒಂದೇ ಒಂದು ವಾಚಿನ ಹಿಂದೆ ಒಬ್ಬ ಮನುಷ್ಯ, ಅವನ ಊರು, ಅವನ ಮಗಳು ಇದ್ದುಬಿಟ್ಟರೆ ಸಾಕು, ಉಳಿದ ಮೂವತ್ತೊಂದಕ್ಕೂ ಅರ್ಥ ಬರುತ್ತದೆ ಎಂದು ಅವನು ನಂಬಿದ್ದ. ಆ ಒಂದು ಇವತ್ತು ಸಿಗಬೇಕು. ಸಿಗದಿದ್ದರೆ ಇನ್ನು ಈ ಜನ್ಮದಲ್ಲಿ ಸಿಗುವುದಿಲ್ಲ. ಹಲ್ಲುಜ್ಜುವಾಗ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಪರೀಕ್ಷೆಯ ಫಲಿತಾಂಶ ನೋಡಲು ಹೊರಟ ಹುಡುಗನ ಮುಖ. ಈ ಮುಖ ಇಟ್ಟುಕೊಂಡು ಹೋದರೆ ಕೆಟ್ಟಿತು ಎಂದುಕೊಂಡು ಎರಡು ಸಲ ತಣ್ಣೀರು ಎರಚಿಕೊಂಡ.

"ಭಾನುವಾರ ಯಾರ ಕಣ್ಣು ನೋಡಕ್ಕೆ ಹೊರಟ್ರಿ?" ಹೆಂಡತಿ ಭವಾನಿ ಅಡುಗೆಮನೆಯಿಂದಲೇ ಕೇಳಿದಳು. ಲೆನ್ಸಿನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕುತ್ತಿದ್ದ ನಿರಂಜನ ತಲೆಯೆತ್ತಲಿಲ್ಲ.

"ಭದ್ರಾವತೀಲಿ ಒಬ್ರು ರಿಟೈರ್ಡ್ ಟೀಚರ್. ವಯಸ್ಸಾಗಿದೆ, ಅಂಗಡಿಗೆ ಬರಕ್ಕಾಗಲ್ವಂತೆ."

"ನಾನೂ ಬರ್ತೀನಿ."

"ನಿಂಗೆ ಬೋರಾಗುತ್ತೆ ಮಾರಾಯ್ತಿ."

"ಮನೇಲಿ ಕೂತ್ರೆ ಬೋರಾಗಲ್ವಾ? ಬೇಡ ಅಂದ್ರೆ ಬೇಡ ಅನ್ನಿ. ನಿಮಗೆ ನಾನು ಬಂದ್ರೂ ಒಂದೇ, ಬರದಿದ್ರೂ ಒಂದೇ."

ಬೇಡ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳಿದರೆ ವಾಚಿನ ವಿಷಯ ಹೊರಬರುತ್ತದೆ, ವಿಷಯ ಹೊರಬಂದರೆ ಇವಳು ಅಲ್ಲಿ ಹೋಗಿ ನೇರವಾಗಿ ಕೇಳಿಬಿಡುತ್ತಾಳೆ. ಭವಾನಿಗೆ ತರಕಾರಿಯವನ ಹತ್ತಿರವೂ ಮನಸ್ಸಿನಲ್ಲಿದ್ದದ್ದು ಬಾಯಲ್ಲಿ. ‘ಎಷ್ಟು ಚೆನ್ನಾಗಿದೆ ಈ ಬದನೆಕಾಯಿ’ ಎಂದು ಮೊದಲು ಹೊಗಳಿ ಆಮೇಲೆ ಬೆಲೆ ಕೇಳುವವಳು. ಆಗೆಲ್ಲ ನಿರಂಜನ ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಲ್ಲೇ ಬೆವರುತ್ತಿದ್ದ. ಅವನ ಪದ್ಧತಿ ಬೇರೆ. ಅದು ಹರಿಹರದಲ್ಲಿ ಒಬ್ಬ ಗುಜರಿ ಅಂಗಡಿಯವನು ಕಲಿಸಿದ ಪಾಠ. ಹನ್ನೆರಡು ವರ್ಷದ ಹಿಂದೆ ಅವನ ಡಬ್ಬಿಯಲ್ಲಿ ಕಪ್ಪು ಮುಖದ ಒಂದು ವಾಚು ಕಂಡು ನಿರಂಜನ ‘ಅಯ್ಯೋ’ ಎಂದುಬಿಟ್ಟಿದ್ದ. ಅಷ್ಟೇ. ಗುಜರಿಯವನು ಅವನ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಬಟ್ಟೆಯಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡು, "ನಿಮ್ ಮುಖಾನೇ ಹೇಳ್ತೈತೆ ಸಾಹೇಬ್ರೆ, ಇದು ಮಾರೋ ಮಾಲಲ್ಲ" ಎಂದಿದ್ದ. ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕಿದ್ದರು. ಬಸ್ಸಿನಲ್ಲಿ ಶಿವಮೊಗ್ಗದವರೆಗೂ ನಿರಂಜನನ ಕಿವಿ ಬಿಸಿಯಾಗಿಯೇ ಇತ್ತು. ಅಂದಿನಿಂದ ನಿಯಮ: ಬಂದದ್ದು ಯಾವುದಕ್ಕೋ ಅದರ ಕಡೆ ನೋಡಬಾರದು. ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಪಕ್ಕದ ಇನ್ನೊಂದನ್ನು ಮನಸಾರೆ ಹೊಗಳಬೇಕು, ಅದರ ಬಗ್ಗೆ ಚೌಕಾಸಿ ಮಾಡಬೇಕು, ಸೋತಂತೆ ಎದ್ದು ಹೊರಡಬೇಕು, ಹೊಸಿಲ ಹತ್ತಿರ ತಿರುಗಿ ‘ಇದೊಂದು ಹಳೇದು ಬಿದ್ದಿದೆಯಲ್ಲ, ಹೋಗ್ಲಿ ಕೊಡಿ’ ಎನ್ನಬೇಕು. ಕಂದು ಛಾಯೆಯ ಗ್ಲಾಸಿನ ಕನ್ನಡಕವನ್ನು ಅವನು ಇದಕ್ಕೆಂದೇ ಮಾಡಿಸಿಕೊಂಡಿದ್ದ. ಇಷ್ಟವಾದದ್ದನ್ನು ಕಂಡರೆ ಕಣ್ಣಿನ ಪಾಪೆ ಅರಳುತ್ತದೆ, ಬಾಯಿ ಎಷ್ಟೇ ಬೇಡ ಎಂದರೂ ಪಾಪೆ ಮಾತು ಕೇಳುವುದಿಲ್ಲ ಎಂಬುದು ದಿನಕ್ಕೆ ಇಪ್ಪತ್ತು ಜನರ ಕಣ್ಣು ನೋಡುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ಈ ಪದ್ಧತಿಯಿಂದ ಹತ್ತೊಂಬತ್ತು ವಾಚು ದಕ್ಕಿದ್ದವು. ಅವನಿಗೆ ಅದರ ಬಗ್ಗೆ ಹೆಮ್ಮೆಯಿತ್ತು, ಹೇಳಿಕೊಳ್ಳಲು ಆಗದ ಹೆಮ್ಮೆ.

ಸ್ಕೂಟರಿನಲ್ಲಿ ತುಂಗಾ ಸೇತುವೆ ದಾಟುವಾಗಲೇ ಅವನಿಗೆ ಗಾಳಿಯಲ್ಲಿ ಹಾಡು ಹೇಳಬೇಕೆನ್ನಿಸುತ್ತಿತ್ತು. ಹೇಳಲಿಲ್ಲ. ಬಿ.ಎಚ್. ರಸ್ತೆಯುದ್ದಕ್ಕೂ ಲಾರಿಗಳು, ಕಬ್ಬಿಣದ ಸರಳು ಹೇರಿದ ಟ್ರ್ಯಾಕ್ಟರುಗಳು, ಭಾನುವಾರದ ಮೋಟರ್ ಸೈಕಲ್ಲುಗಳು. ಹಿಂದೆ ಕೂತ ಭವಾನಿ ತ್ಯಾವರೆಕೊಪ್ಪಕ್ಕೆ ಹೋಗಿ ಸಿಂಹ ನೋಡಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ. ಅವನ ತಲೆಯೊಳಗೆ ಐದು ಅಂಕಿಗಳು ಓಡುತ್ತಿದ್ದವು. ಮೂರನೆಯದು ಎಂಟೋ ಆರೋ? ಶಿವರಾಜ್ ಫೋಟೋ ಸ್ವಲ್ಪ ಅಲುಗಿಸಿಬಿಟ್ಟಿದ್ದ, ಕತ್ತೆ. ಒಳಗಿನ ಯಂತ್ರ ಮೂಲದ್ದೇ ಇರಬಹುದೆ? ಮುಖಕ್ಕೆ ಯಾರಾದರೂ ಹೊಸ ಬಣ್ಣ ಬಳಿಸಿರಬಹುದೆ? ಬಳಿಸಿದ್ದರೆ ಸತ್ತೆ. ಪಟ್ಟಿ ಹೋಗಿರುತ್ತದೆ, ಹೋಗಲಿ. ಭದ್ರಾ ಸೇತುವೆಯ ಮೇಲೆ ಎಮ್ಮೆಗಳು ಅಡ್ಡ ಬಂದು ನಾಲ್ಕು ನಿಮಿಷ ನಿಲ್ಲಬೇಕಾದಾಗ, ಆ ನಾಲ್ಕು ನಿಮಿಷದಲ್ಲಿ ಇನ್ಯಾವನೋ ಬಂದು ಅದನ್ನು ಕೊಂಡುಹೋಗಿಬಿಡುತ್ತಾನೆ ಎಂದು ಅವನಿಗೆ ಖಂಡಿತವಾಗಿ ಅನ್ನಿಸಿ ಹಾರ್ನ್ ಒತ್ತಿಯೇ ಒತ್ತಿದ. ಎಮ್ಮೆಗಳು ಅವನನ್ನು ನೋಡಿದವು, ಅಷ್ಟೇ.

ಜಗದಾಂಬಾ ಟೀಚರ ಮನೆಯ ಮುಂಭಾಗದ ಕೋಣೆಯನ್ನು ಟೈಲರಿಂಗ್ ಕ್ಲಾಸಿಗೆ ಬಾಡಿಗೆ ಕೊಟ್ಟಿದ್ದರು. ನಾಲ್ಕು ಹೊಲಿಗೆ ಯಂತ್ರಗಳು ಒಟ್ಟಿಗೆ ಓಡುತ್ತಿದ್ದ ಆ ಸದ್ದನ್ನು ದಾಟಿ ಒಳಗೆ ಹೋದರೆ ನಡುಮನೆ. ಕಿಟಕಿಯ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಪತ್ರಿಕೆ, ಮಾತ್ರೆಯ ಪಟ್ಟಿ, ವಿಭೂತಿಯ ಗಟ್ಟಿ, ಮಡಿಸಿದ ಕರವಸ್ತ್ರ, ಕರವಸ್ತ್ರದ ಮೇಲೆ ಅದು. ನಿರಂಜನ ನೋಡಿದ. ಒಂದು ಸೆಕೆಂಡಿನ ಐದನೇ ಒಂದು ಭಾಗ ನೋಡಿದ, ಅಷ್ಟರಲ್ಲಿ ಎಲ್ಲವನ್ನೂ ನೋಡಿದ. ಬಿಳಿ ಮುಖ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ, ಅಂಕಿಗಳ ಮೇಲಿನ ರೇಡಿಯಂ ಬೆಲ್ಲದ ಬಣ್ಣ, ಯಾರೂ ಮುಟ್ಟಿಲ್ಲ, ಯಾರೂ ಬಳಿದಿಲ್ಲ. ಆರರ ಹತ್ತಿರ ಸೆಕೆಂಡಿನ ಪುಟ್ಟ ಮುಳ್ಳು ತನ್ನ ಪುಟ್ಟ ವೃತ್ತದಲ್ಲಿ ಓಡುತ್ತಿದೆ. ಪಟ್ಟಿ ಹಾಯಿಸುವ ಕಡ್ಡಿಗಳು ಕೇಸಿಗೇ ಬೆಸೆದಿವೆ. ಅವನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಅಂಗಿಯ ಜೇಬಿನಲ್ಲಿದ್ದ ಪೆನ್ನು ಅಲುಗಿರಬೇಕು. ಆ ಕ್ಷಣವೇ ತಿರುಗಿ ಎದುರಿನ ಗೋಡೆಯತ್ತ ಕೈ ಚಾಚಿ, "ಆಹಾ! ಎಂಥಾ ಗಡಿಯಾರ ಅಮ್ಮಾ ಇದು!" ಎಂದ.

ಗೋಡೆಯ ಮೇಲೆ ಲೋಲಕದ ಒಂದು ದೊಡ್ಡ ಗಡಿಯಾರವಿತ್ತು. ಅಂಥವು ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ಆರು ಸಿಗುತ್ತವೆ. ಮುಂದಿನ ಗಾಜು ಹೋಗಿತ್ತು, ಮರಕ್ಕೆ ಯಾರೋ ಚಾಕೊಲೇಟ್ ಬಣ್ಣದ ಪೇಂಟು ಹೊಡೆದಿದ್ದರು. ನಿರಂಜನ ಅದರ ಮುಂದೆ ಕೈಕಟ್ಟಿ ನಿಂತ. ಲೋಲಕದ ಹಿತ್ತಾಳೆಯನ್ನು ಹೊಗಳಿದ, ಕೆತ್ತನೆಯನ್ನು ಹೊಗಳಿದ, ಗಂಟೆಯ ನಾದವನ್ನು ಕೇಳದೆಯೇ ಹೊಗಳಿದ. ಅವನಿಗೇ ಆಶ್ಚರ್ಯವಾಗುವಂತೆ ಮಾತು ಬರುತ್ತಿತ್ತು. ಬೆನ್ನ ಹಿಂದೆ ಮೂರು ಮಾರು ದೂರದಲ್ಲಿದ್ದ ವಾಚಿನ ಮೇಲಿನ ಆಸೆಯೆಲ್ಲ ಬಾಯಿಗೆ ಬಂದು ಈ ದರಿದ್ರ ಪೆಟ್ಟಿಗೆಯ ಮೇಲೆ ಸುರಿಯುತ್ತಿತ್ತು. ಜಗದಾಂಬಾ ಖುಷಿಯಾಗಿ ನಕ್ಕರು. ಎಪ್ಪತ್ತೇಳು ವರ್ಷದ, ನೆಟ್ಟಗೆ ಕೂರುವ, ಕೂದಲನ್ನು ಬಿಗಿಯಾಗಿ ಗಂಟು ಹಾಕಿದ ಹೆಂಗಸು. ಭವಾನಿ ಗಂಡನ ಮುಖವನ್ನೇ ನೋಡುತ್ತಿದ್ದಳು.

ಕಣ್ಣಿನ ಪರೀಕ್ಷೆಯನ್ನು ಅವನು ಪ್ರಾಮಾಣಿಕವಾಗಿಯೇ ಮಾಡಿದ. ಅದರಲ್ಲಿ ಮೋಸ ಮಾಡಿ ಅವನಿಗೆ ಅಭ್ಯಾಸವಿಲ್ಲ. ಟೀಚರ ಮೂಗಿನ ಮೇಲೆ ಫ್ರೇಮು ಕೂರಿಸಿ, ಒಂದೊಂದೇ ಲೆನ್ಸು ಹಾಕಿ, ಗೋಡೆಗೆ ಒರಗಿಸಿದ ಅಕ್ಷರಗಳ ಹಲಗೆ ತೋರಿಸಿ, ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಎಂದು ಕೇಳುತ್ತ ಬಾಗಿ ನಿಂತಿದ್ದಾಗ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು. ಆಗ ಕೇಳಿಸಿತು. ಕರವಸ್ತ್ರದ ಮೇಲಿಂದ, ಸಣ್ಣಗೆ, ಚುರುಕಾಗಿ. ಅವನ ಕೈಯಲ್ಲಿದ್ದ ಲೆನ್ಸು ಫ್ರೇಮಿನ ತೋಡಿಗೆ ಕೂರದೆ ಕೆಳಗೆ ಬಿತ್ತು. "ಅದು ನಮ್ಮಪ್ಪಂದು," ಎಂದರು ಜಗದಾಂಬಾ, ಅವನು ಕೇಳದೆಯೇ, ಮೇಜಿನ ಕಡೆ ಗದ್ದದಿಂದ ತೋರಿಸಿ. "ವೀರಪ್ಪ ಅಂತ. ಬರ್ಮಾ ಕಡೆ ಲಾರಿ ಓಡಿಸ್ತಿದ್ರು, ಯುದ್ಧದಾಗೆ." ವೀರಪ್ಪ! ಹೆಸರು! ಇಷ್ಟು ವರ್ಷ ಕಾದದ್ದು ಈ ಮೂರಕ್ಷರಕ್ಕೆ. ಯಾವ ರೆಜಿಮೆಂಟು, ಯಾವ ವರ್ಷ, ಯಾವ ಡಿಪೋದಲ್ಲಿ ಕೊಟ್ಟದ್ದು, ಸೇನೆಯ ಸಂಬಳದ ಪೇಬುಕ್ ಇದೆಯೆ, ಒಂದು ಫೋಟೋ ಇದೆಯೆ, ನೂರು ಪ್ರಶ್ನೆಗಳು ಗಂಟಲಿಗೆ ನುಗ್ಗಿದವು. ಪದ್ಧತಿ ಅವನ ಕತ್ತು ಹಿಡಿದು ತಿರುಗಿಸಿತು. "ಕೆಳಗಿನ ಸಾಲು ಓದಿ ಅಮ್ಮ," ಎಂದ. ತನ್ನ ಧ್ವನಿ ಅಷ್ಟು ನಿರುತ್ಸಾಹವಾಗಿ ಬಂದದ್ದು ಕೇಳಿ ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ಸತ್ತ ತಂದೆಯ ಹೆಸರು ಹೇಳಿದ ಹೆಂಗಸಿಗೆ ಕೆಳಗಿನ ಸಾಲು ಓದು ಎನ್ನುವುದು.

"ಆಮೇಲೆ?" ಎಂದಳು ಭವಾನಿ, ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು.

ಆಮೇಲಿನದನ್ನೆಲ್ಲ ಜಗದಾಂಬಾ ಭವಾನಿಗೆ ಹೇಳಿದರು. ನಿರಂಜನ ಕಿಟಕಿಗೆ ಬೆನ್ನು ಮಾಡಿ, ಲೆನ್ಸುಗಳನ್ನು ಒರೆಸಿ ಪೆಟ್ಟಿಗೆಗೆ ಜೋಡಿಸುವ ನೆಪದಲ್ಲಿ, ಮೈಯೆಲ್ಲ ಕಿವಿಯಾಗಿ ನಿಂತ. ಹೊಲಿಗೆ ಯಂತ್ರಗಳು ಮತ್ತೆ ಶುರುವಾಗಿ ಅರ್ಧ ಮಾತನ್ನು ನುಂಗುತ್ತಿದ್ದವು. ವೀರಪ್ಪ ಹೊಳೆಹೊನ್ನೂರು ಕಡೆಯವರು. ಲಾರಿಗಳು ಗುಂಪಾಗಿ ಹೊರಡುವಾಗ ಹೊತ್ತು ತಪ್ಪಬಾರದೆಂದು ಕೊಟ್ಟ ವಾಚು. ಯುದ್ಧ ಮುಗಿದ ಮೇಲೆ ವಾಪಸು ಕೊಡಬೇಕು. ವೀರಪ್ಪನವರಿಗೆ ಅದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಹೊಳೆ ದಾಟುವಾಗ ನೀರಿಗೆ ಬಿತ್ತು ಎಂದು ಸಾಹೇಬನ ಮುಂದೆ ಸುಳ್ಳು ಹೇಳಿ, ಕಾಲುಚೀಲದಲ್ಲಿ ಮುಚ್ಚಿಕೊಂಡು ಊರಿಗೆ ತಂದರು. ತಂದ ಮೇಲೆ ಹೆದರಿಕೆ. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೂ ಒಂದು ದಿನವೂ ಕೈಗೆ ಕಟ್ಟಲಿಲ್ಲ. ಅಕ್ಕಿ ಡಬ್ಬಿಯೊಳಗೆ ಇಟ್ಟು, ರಾತ್ರಿ ಊಟವಾದ ಮೇಲೆ ತೆಗೆದು ಕೀ ಕೊಟ್ಟು ಕಿವಿಗೆ ಹಿಡಿದು ಮತ್ತೆ ಅಕ್ಕಿಯೊಳಗೆ ಹೂಳುತ್ತಿದ್ದರು. "ಇಂಗ್ಲಿಷರು ಹೋಗಿ ಇಪ್ಪತ್ಮೂರು ವರ್ಷ ಆಗಿತ್ತು ಕಣಮ್ಮ, ಆದ್ರೂ ಪೊಲೀಸಿನೋರು ಬೀದೀಲಿ ಹೋದ್ರೆ ನಮ್ಮಪ್ಪ ಅಕ್ಕಿ ಡಬ್ಬಿ ಕಡೆ ನೋಡೋರು." ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಮಗಳಿಗೆ ಸರ್ಕಾರಿ ಶಾಲೆಯಲ್ಲಿ ಕೆಲಸವಾಯಿತು. ಮೊದಲ ದಿನ ಬೆಳಿಗ್ಗೆ ವೀರಪ್ಪ ಡಬ್ಬಿಗೆ ಕೈ ಹಾಕಿ ವಾಚು ತೆಗೆದು ಮಗಳ ಕೈಗೆ ಕಟ್ಟಿ, "ಸರ್ಕಾರದ ಮಾಲು, ಸರ್ಕಾರದ ಕೆಲಸಕ್ಕೇ ಹೋಗ್ಲಿ ತಗಾ" ಎಂದರಂತೆ. ಮೂವತ್ತೈದು ವರ್ಷ ಶಾಲೆಯ ಗಂಟೆ ಹೊಡೆದದ್ದು ಈ ವಾಚು ನೋಡಿ.

ಭವಾನಿ ನಕ್ಕಳು, ಕಣ್ಣೊರೆಸಿಕೊಂಡಳು. ನಿರಂಜನನಿಗೂ ಅಳು ಬಂದಿತ್ತು, ಗೋಡೆಯ ಗಡಿಯಾರದ ಕಡೆ ತಿರುಗಿಕೊಂಡ. ಹೋಗಿ ಆ ಹೆಂಗಸಿನ ಕಾಲಿಗೆ ಬಿದ್ದು, ಅಮ್ಮಾ ನಾನು ಬಂದದ್ದೇ ಇದಕ್ಕೆ, ಕೊಡಿ, ಕೊಡದಿದ್ದರೆ ಒಂದು ಸಲ ಕೈಯಲ್ಲಿ ಹಿಡಿಯಲು ಬಿಡಿ ಎಂದುಬಿಡಲೇ? ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹರಿಹರದ ನಗು ಕಿವಿಯಲ್ಲಿತ್ತು. ಅಲ್ಲದೆ ಪದ್ಧತಿಯ ಇನ್ನೊಂದು ಹೆಜ್ಜೆ ಬಾಕಿಯಿತ್ತು. ಹತ್ತು ನಿಮಿಷ ಆ ಜಾಗದಿಂದಲೇ ಎದ್ದು ಹೋಗಬೇಕು. ವಸ್ತುವನ್ನು ಬಿಟ್ಟು ಆರಾಮಾಗಿ ಹೊರಗೆ ಹೋದವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. "ಸಣ್ಣ ಸ್ಕ್ರೂಡ್ರೈವರ್ ಸ್ಕೂಟರಲ್ಲೇ ಉಳೀತು," ಎಂದು ಹೊರಗೆ ಬಂದ. ಬೀದಿಯಲ್ಲಿ ನಿಂತು ನೂರು ಎಣಿಸಿದ, ಮತ್ತೆ ನೂರು ಎಣಿಸಿದ. ಹಿಂತಿರುಗಿ ಹೋಗಿ ಹೊಸಿಲ ಹತ್ತಿರ ಆಡಬೇಕಾದ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡಿದ. ಬಿಸಿಲು ಹಿತವಾಗಿತ್ತು. ಎದುರು ಮನೆಯ ಜಗಲಿಯ ಮೇಲೆ ಯಾರೋ ತಮಿಳಿನಲ್ಲಿ ಫೋನಿನಲ್ಲಿ ಜಗಳವಾಡುತ್ತಿದ್ದರು. ಇನ್ನು ಹತ್ತೇ ನಿಮಿಷದಲ್ಲಿ ವೀರಪ್ಪನವರ ವಾಚು ತನ್ನ ಜೇಬಿನಲ್ಲಿ. ಅವನಿಗೆ ನಿಂತಲ್ಲೇ ಕುಣಿಯಬೇಕೆನ್ನಿಸಿತು.

ಒಳಗೆ ಬಂದಾಗ ಗೋಡೆ ಬೋಳಾಗಿತ್ತು. ಲೋಲಕದ ಗಡಿಯಾರ ನೆಲದ ಮೇಲೆ ಹಳೆಯ ಜಮಖಾನದಲ್ಲಿ ಸುತ್ತಿಸಿಕೊಂಡು ಮಲಗಿತ್ತು. ಟೈಲರಿಂಗ್ ಕ್ಲಾಸಿನ ಇಬ್ಬರು ಹುಡುಗಿಯರು ಅದಕ್ಕೆ ದಾರ ಕಟ್ಟುತ್ತಿದ್ದರು. ಭವಾನಿ ಮುಖವರಳಿಸಿಕೊಂಡು ನಿಂತಿದ್ದಳು.

"ಕೇಳೇಬಿಟ್ಟೆ ಕಣ್ರೀ! ಇವರಿಗೆ ಗಡಿಯಾರ ಅಂದ್ರೆ ಪ್ರಾಣ, ಬಾಯಿ ಬಿಟ್ಟು ಕೇಳೋ ಪೈಕಿ ಅಲ್ಲ, ಕೊಡ್ತೀರಾ ಟೀಚರ್ ಅಂದೆ. ತಗೊಂಡ್ಹೋಗಮ್ಮ ಅಂದ್ಬಿಟ್ರು!"

"ನಿಮ್ ಕಣ್ಣು ಅದ್ರ ಮೇಲೇ ಇತ್ತು, ನಾನು ನೋಡ್ದೆ," ಎಂದರು ಜಗದಾಂಬಾ ಹೆಮ್ಮೆಯಿಂದ. "ಮೂವತ್ತೈದು ವರ್ಷ ಮಕ್ಕಳ ಕಣ್ಣು ನೋಡಿದೋಳು ನಾನು. ಹತ್ತಿರದ ಅಕ್ಷರ ಕಾಣಲ್ಲ ಅಷ್ಟೇ, ದೂರದ್ದು ಚೆನ್ನಾಗೇ ಕಾಣುತ್ತೆ. ಏನೂ ಕೊಡೋದು ಬೇಡ. ಅಷ್ಟು ಇಷ್ಟಪಡೋರ ಮನೇಲಿರ್ಲಿ."

ನಿರಂಜನ ಮೇಜಿನ ಕಡೆ ನೋಡಿದ. ಈ ಸಲ ನೇರವಾಗಿಯೇ ನೋಡಿದ. ಕರವಸ್ತ್ರದ ಮೇಲೆ ಏನೂ ಇರಲಿಲ್ಲ. ಆಮೇಲೆ ಭವಾನಿಯ ಎಡಗೈ ಕಂಡಿತು. ಹಸಿರು ಗಾಜಿನ ಬಳೆಗಳ ಕೆಳಗೆ, ಸವೆದ ಕಂದು ಪಟ್ಟಿಯಲ್ಲಿ, ಹಾಲಿನ ಕೆನೆಯ ಬಣ್ಣದ ಮುಖ.

"ಇದು ನಂಗೆ," ಎಂದಳು ಭವಾನಿ, ಚಿಕ್ಕ ಹುಡುಗಿಯ ಹಾಗೆ ಕೈ ಎತ್ತಿ ಅಲ್ಲಾಡಿಸಿ. "ಕಿವಿಗೆ ಹಿಡ್ಕೊಂಡು ನೋಡ್ತಿದ್ದೆ. ಕಟ್ಕೊಂಡು ನೋಡ್ಲಾ ಅಂದೆ. ಬಿಚ್ಚಕ್ಕೆ ಬಿಡ್ಲಿಲ್ಲ ಇವ್ರು."

"ಕೊನೇ ತೂತು ನಾನೇ ಮೊಳೆ ಕಾಯಿಸಿ ಹಾಕಿದ್ದು, ನನ್ನ ಕೈಯೂ ಸಣ್ಣದಿತ್ತು," ಎಂದರು ಜಗದಾಂಬಾ. "ಸರಿಯಾಗಿ ಕೂತಿದೆ ನೋಡಿ. ನಂಗೆ ಯಾರಿದಾರೆ ಕಟ್ಟಕ್ಕೆ. ಮಗಳ ಕೈಯಿಂದ ಮಗಳ ಕೈಗೆ ಹೋಯ್ತು ಅಂದ್ಕೋತೀನಿ. ಅದ್ರ ಕತೆ ಕೇಳ್ದೋಳು ಇವಳೊಬ್ಳೇ."

ನಿರಂಜನ ನಕ್ಕ. ನಗಲೇಬೇಕಿತ್ತು. ತನ್ನ ಹನ್ನೆರಡು ವರ್ಷದ ವಿದ್ಯೆ ಇಷ್ಟು ಪರಿಪೂರ್ಣವಾಗಿ ಎಂದೂ ಕೆಲಸ ಮಾಡಿರಲಿಲ್ಲ. ಆ ಮನೆಯಲ್ಲಿದ್ದ ಎರಡು ಜೀವಗಳಲ್ಲಿ ಒಂದಕ್ಕೂ ಅನುಮಾನ ಬಂದಿರಲಿಲ್ಲ. ಕನ್ನಡಕವನ್ನು ಮುಂದಿನ ಭಾನುವಾರ ತಂದುಕೊಡುವುದಾಗಿ ಹೇಳಿ, ಜಮಖಾನದ ಗಂಟನ್ನು ಹೆಣದ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದ.

ಸ್ಕೂಟರಿನ ಮುಂದೆ, ಕಾಲಿಡುವ ಜಾಗದಲ್ಲಿ ಗಡಿಯಾರವನ್ನು ನಿಲ್ಲಿಸಿ ಮೊಣಕಾಲುಗಳ ನಡುವೆ ಅವುಚಿಕೊಂಡು ಹೊರಟ. ರಸ್ತೆಯ ಮೊದಲ ಹಂಪಿನಲ್ಲಿ ಅದು ಢಣ್ ಎಂದಿತು. ಎರಡನೇ ಹಂಪಿನಲ್ಲಿ ಢಣ್ ಢಣ್. ಪಕ್ಕದಲ್ಲಿ ಹೋಗುತ್ತಿದ್ದ ಆಟೋದವನು ಬಗ್ಗಿ ನೋಡಿದ. ಭವಾನಿ ಬಿದ್ದು ಬಿದ್ದು ನಕ್ಕಳು. ಅವಳ ಎಡಗೈ ಅವನ ಭುಜದ ಮೇಲಿತ್ತು. ಕಣ್ಣಂಚಿನಲ್ಲಿ, ಇಷ್ಟು ಹತ್ತಿರ, ಒಂದು ಗೇಣಿಗಿಂತ ಹತ್ತಿರ, ಸೆಕೆಂಡಿನ ಮುಳ್ಳು ಓಡುತ್ತಿತ್ತು. ತಾನು ಸಂತೋಷಪಡಬೇಕಲ್ಲವೆ? ವಾಚು ಮನೆಗೇ ಬರುತ್ತಿದೆ. ಹೆಸರು, ಊರು, ಅಕ್ಕಿ ಡಬ್ಬಿ ಎಲ್ಲದರ ಸಮೇತ ಬರುತ್ತಿದೆ. ಆದರೂ ಅದು ಅವನದಲ್ಲ. ಅವಳು ಅದನ್ನು ಕಟ್ಟಿಕೊಂಡು ಪಾತ್ರೆ ತೊಳೆಯುತ್ತಾಳೆ. ಹಿಟ್ಟು ಕಲಸುತ್ತಾಳೆ. ಬಾಣದ ಗುರುತಿನೊಳಗೆ ಚಪಾತಿ ಹಿಟ್ಟು! ಅವನಿಗೆ ಬೆವರು ಬಂತು. ಆಗ ಒಂದು ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಬಾಯಿ ಆಗಲೇ ತೆರೆದಿತ್ತು.

"ಅದ್ರ ಅಂಕಿಗೆ ಬಳಿದಿರೋದು ರೇಡಿಯಂ ಕಣೆ. ಹಳೇ ಕಾಲದ್ದು. ಮೈಗೆ ಒಳ್ಳೇದಲ್ಲ. ನೀನು ಕಟ್ಕೊಳ್ಳೋದು ಬೇಡ, ನಾನು ಎತ್ತಿಡ್ತೀನಿ."

"ಟೀಚರ್ ಮೂವತ್ತೈದು ವರ್ಷ ಕಟ್ಟಿದ್ರಲ್ಲ, ಗುಂಡುಕಲ್ಲಿನಂಗಿದಾರೆ," ಎಂದಳು ಭವಾನಿ. "ಅಲ್ದೆ ಬೀರುವಿನಲ್ಲಿ ಮೂವತ್ತೊಂದು ಇಟ್ಕೊಂಡಿದೀರಿ, ಅದ್ರ ಪಕ್ಕದಲ್ಲೇ ನನ್ ಸೀರೆ ಇರೋದು. ಆಗ ಹೇಳ್ಲಿಲ್ವಲ್ಲ?"

ಮೂವತ್ತೊಂದು ಎಂಬುದು ಇವಳಿಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗಡಿಯಾರ ಮತ್ತೆ ಢಣ್ ಎಂದಿತು. ಸ್ವಲ್ಪ ದೂರ ಹೋದ ಮೇಲೆ ಭವಾನಿ, ನಗು ನಿಲ್ಲಿಸಿ, ಬೇರೆ ಧ್ವನಿಯಲ್ಲಿ, "ನಿಮ್ ಮುಖ ಹಾಗೆ ಅರಳಿದ್ದು ನಾನು ನೋಡೇ ಇರ್ಲಿಲ್ಲ ಕಣ್ರೀ," ಎಂದಳು. "ಆ ಗೋಡೆ ಮುಂದೆ ನಿಂತಿದ್ದಾಗ. ಹೊಟ್ಟೆಕಿಚ್ಚಾಯ್ತು ಒಂದು ಗಳಿಗೆ. ಅದಕ್ಕೇ ಹೆಂಗಾದ್ರೂ ಕೊಡಿಸ್ಬೇಕು ಅನ್ಸ್ತು."

ಮಾಚೇನಹಳ್ಳಿ ದಾಟಿ ಒಂದು ಹುಣಸೆಮರದ ನೆರಳಿತ್ತು. ನಿರಂಜನ ಸ್ಕೂಟರನ್ನು ಅಲ್ಲಿಗೆ ತಂದು ನಿಲ್ಲಿಸಿದ. ಯಾಕೆ ನಿಂತದ್ದು ಎಂದು ಕೇಳುತ್ತ ಅವಳು ಇಳಿದಳು. ಅವನು ಕೂತೇ ಇದ್ದ, ಇಳಿಯಲು ಗಡಿಯಾರ ಬಿಡುತ್ತಿರಲಿಲ್ಲ.

"ನಾನು ಹೋಗಿದ್ದು ಇದಕ್ಕಲ್ಲ," ಎಂದ, ಮೊಣಕಾಲ ನಡುವಿನದನ್ನು ತೋರಿಸಿ. "ಅದಕ್ಕೆ. ನಿನ್ ಕೈಲಿರೋದಕ್ಕೆ. ಬೆಳಿಗ್ಗೆ ಆರು ಗಂಟೆಯಿಂದ ಅದೊಂದೇ ತಲೇಲಿರೋದು. ಇದು ಗುಜರಿ. ಇದನ್ನ ಹೊಗಳಿದ್ದೆಲ್ಲ ನಾಟಕ."

ಭವಾನಿ ವಾಚನ್ನು ನೋಡಿದಳು, ಅವನನ್ನು ನೋಡಿದಳು. "ಮತ್ತೆ ಇದರ ಕಡೆ ಒಂದ್ಸಲಾನೂ ನೋಡ್ಲಿಲ್ಲ?"

"ಬೇಕಾದ್ದನ್ನ ನೋಡಿದ್ರೆ ಕೈ ತಪ್ಪುತ್ತೆ. ಅದಕ್ಕೇ ನೋಡಲ್ಲ."

"ಟೀಚರ್ ಅವರಪ್ಪನ ಕತೆ ಹೇಳ್ತಿದ್ರೆ ಎದ್ದು ಹೋದ್ರಲ್ಲ?"

"ಪೂರ್ತಿ ಕೇಳಿಸ್ಕೊಂಡೇ ಹೋದೆ. ಬೆನ್ನು ಹಾಕ್ಕೊಂಡು ಅಳ್ತಿದ್ದೆ."

"ಥೂ," ಎಂದಳು ಭವಾನಿ. ಸಿಟ್ಟಿನಿಂದಲ್ಲ, ಬೆರಗಿನಿಂದ. "ಮುಂದಿನ ವಾರ ಕನ್ನಡಕ ಕೊಡಕ್ಕೆ ಹೋದಾಗ ಆಯಮ್ಮಂಗೆ ಇದನ್ನೆಲ್ಲ ಹೇಳ್ಬೇಕು ನೀವು. ನಾನು ಪಕ್ಕದಲ್ಲಿ ನಿಂತಿರ್ತೀನಿ."

"ಹೇಳ್ತೀನಿ."

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಧೂಳು ಅಡಗುವವರೆಗೆ ಅವಳು ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದಳು. ಸೆರಗು ತೆಗೆದಾಗ ಅವಳ ಮುಖ ಬೇರೆಯಾಗಿತ್ತು. ಏನನ್ನೋ ಕೇಳಬೇಕೋ ಬೇಡವೋ ಎಂದು ತೂಗುತ್ತಿರುವ ಮುಖ. ಕೇಳಿಯೇಬಿಟ್ಟಳು.

"ನನ್ನ ನೋಡಕ್ಕೆ ಬಂದ ದಿನ ನೀವು ಗೋಡೆ ಮೇಲಿನ ನಮ್ ತಾತನ ಫೋಟೋ ನೋಡ್ತಾ ಕೂತಿದ್ರಿ. ಒಂದು ಗಂಟೆ. ಒಂದ್ಸಲ ತಲೆ ತಿರುಗಿಸ್ಲಿಲ್ಲ. ಒಳಗೆ ಹೋಗಿ ಅಮ್ಮನ ಹತ್ರ ಅತ್ತಿದ್ದೆ ನಾನು. ಆಮೇಲೆ ಒಪ್ಪಿಗೆ ಅಂತ ಫೋನ್ ಬಂದಾಗ, ನಿಮ್ಮನೆ ಹಿರಿಯರು ಒಪ್ಪಿರ್ಬೇಕು ಅಂದ್ಕೊಂಡೆ. ಇಪ್ಪತ್ತೆರಡು ವರ್ಷದಿಂದ ಹಾಗೇ ಅಂದ್ಕೊಂಡಿದೀನಿ."

ನಿರಂಜನನಿಗೆ ಅವತ್ತು ಹೆಣ್ಣು ನೋಡಲು ಹೋಗುವಾಗ ಕಾರಿನಲ್ಲಿ ತಾಯಿ ಕಿವಿಯಲ್ಲಿ ಹೇಳಿದ ಮಾತು ನೆನಪಾಯಿತು: ಹುಡುಗಿ ಇಷ್ಟವಾದರೂ ಮುಖದಲ್ಲಿ ತೋರಿಸಬೇಡ, ಸದರವಾಗಿಬಿಡುತ್ತೇವೆ. ಹರಿಹರಕ್ಕಿಂತ ಎಷ್ಟೋ ಹಿಂದಿನ ಮಾತು. ಈ ಹೆಂಗಸು ಇಪ್ಪತ್ತೆರಡು ವರ್ಷ ಹೀಗೆಂದುಕೊಂಡು ತನಗೆ ಅನ್ನ ಬಡಿಸಿದ್ದಾಳೆ ಎಂಬುದು ಅವನ ಎದೆಗೆ ಒದ್ದಂತೆ ಬಂತು.

"ಆ ಫೋಟೋಗೆ ಗಾಜಿತ್ತು," ಎಂದ. "ಗಾಜಿನಲ್ಲಿ ನೀನು ಕಾಣ್ತಿದ್ದೆ. ನಿಂಬೆ ಬಣ್ಣದ ಸೀರೆ. ಭುಜದ ಹತ್ರ ಪಿನ್ನು ಬಿಟ್ಕೊಂಡಿತ್ತು. ಕಾಫಿ ಲೋಟ ಐದು ತಂದೆ, ನನ್ನ ಮುಂದೆ ಬಗ್ಗಿದಾಗ ಮಾತ್ರ ತಟ್ಟೆ ಅಲುಗಿತು. ಕಿರುಬೆರಳ ಮೇಲೆ ಸುಟ್ಟ ಗಾಯ ಇತ್ತು, ಹೊಸದು. ಒಳಗೆ ಹೋಗ್ವಾಗ ಹೊಸಿಲು ಎಡವಿದೆ, ಯಾರೂ ನೋಡ್ಲಿಲ್ಲ ಅಂತ ನಿನ್ನಷ್ಟಕ್ಕೆ ನಕ್ಕೆ. ಮನೆಗೆ ಹೋಗೋವರೆಗೂ ಕೈ ತಪ್ಪಿ ಹೋದ್ರೆ ಏನು ಮಾಡೋದು ಅಂತ ಅದೊಂದೇ ತಲೇಲಿತ್ತು."

ಭವಾನಿ ಹತ್ತಿರ ಬಂದು, ವಾಚು ಕಟ್ಟಿದ ಕೈಯಿಂದಲೇ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಜೋರಾಗಿಯೇ ಗುದ್ದಿದಳು. ಅದೇ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡು ಸ್ಕೂಟರ್ ಹತ್ತಿ ಕೂತಳು.

"ವಾಚು ಬೇಕಾ?" ಎಂದಳು.

"ಬೇಕು."

"ಕೊಡಲ್ಲ," ಎಂದಳು. ಆ ಧ್ವನಿಯಲ್ಲಿದ್ದ ಸಂಭ್ರಮವನ್ನು ಅವನು ಹಿಂದೆಂದೂ ಕೇಳಿರಲಿಲ್ಲ. "ದಿನಾ ಕೇಳ್ಬೇಕು. ಹಿಂಗೇ, ಬಾಯಿ ಬಿಟ್ಟು. ಆಮೇಲೆ ನೋಡೋಣ."

ಅವನು ಸ್ಕೂಟರ್ ಚಾಲೂ ಮಾಡಿ ರಸ್ತೆಗೆ ಇಳಿಸಿದ. "ಬೇಕು ಕಣೆ," ಎಂದ ಇನ್ನೊಮ್ಮೆ.

"ಕೇಳಿಸ್ಲಿಲ್ಲ," ಎಂದಳು ಹಿಂದಿನಿಂದ.

ಎದುರಿನಿಂದ ಬಸ್ಸು ಬರುತ್ತಿದ್ದರಿಂದ ಅವನು ಕೂಗಬೇಕಾಯಿತು.